ಮಂಗಳವಾರದ ಮನೆ

ಹಗಲೆಲ್ಲ ಈ ಯಂತ್ರ ಫ್ಲೆಕ್ಸಿನ ಕೆಲಸಕ್ಕೆ.
ದುರ್ಗಿಗುಡಿಯ ಎರಡನೇ ಮಹಡಿ, ಪಕ್ಕದಲ್ಲಿ ಹಲ್ಲಿನ ಡಾಕ್ಟರು;
ಅವರು ಕೊರೆಯುವ ಸದ್ದು ಗೋಡೆ ದಾಟಿ ಬರುವಾಗ
ನಾನು ಯಾರದೋ ಗೃಹಪ್ರವೇಶಕ್ಕೆ ಬಾಳೆಕಂಬ ನೆಟ್ಟು,
ಯಾರದೋ ಹುಟ್ಟುಹಬ್ಬಕ್ಕೆ ಮೀಸೆ ತಿದ್ದಿ,
ತೀರಿಕೊಂಡವರ ಬೆನ್ನ ಹಿಂದಿನ ಗೋಡೆ ಅಳಿಸಿ
ಆಕಾಶ ಹಾಕುತ್ತೇನೆ.
ರಾತ್ರಿ ಒಂಬತ್ತಕ್ಕೆ ಷಟರು ಅರ್ಧ ಇಳಿಸಿದರೆ
ಅದೇ ಯಂತ್ರ, ಅದೇ ಫ್ಯಾನು, ಅದೇ ಧೂಳು
ಒಂದು ಲೋಕ ತೆರೆಯುತ್ತದೆ.

ಅಲ್ಲಿ ಕಲ್ಲು ನಾವೇ ಒಡೆಯಬೇಕು,
ಕೋಟೆ ನಾವೇ ಕಟ್ಟಬೇಕು,
ಕತ್ತಲಾಗುವ ಮೊದಲು ಪಂಜು ಹಚ್ಚಬೇಕು.
ಸಂಬಳವಿಲ್ಲ, ಟಿಕೇಟಿಲ್ಲ, ಕರೆಂಟು ಬಿಲ್ಲು ನನ್ನದು.

ಇಂಥವು ನಾಲ್ಕು.
ಒಂದು ನನ್ನದು. ಒಂದು ಭದ್ರಾವತಿಯ ಸಬೀಹಾಳದು,
ಆಸ್ಪತ್ರೆಯ ಡ್ಯೂಟಿ ಚೀಟಿ ಬಂದ ಮೇಲೇ ಅವಳ ವಾರ ಹುಟ್ಟುವುದು.
ಒಂದು ಸಾಗರದ ಲ್ಯಾನ್ಸಿಯದು.
ಇನ್ನೊಂದು ಮಂಡ್ಲಿ ಕಡೆಯ ಲೈನ್‌ಮನ್ ಚೌಡಪ್ಪನದು,
ಕಂಬದ ಮೇಲಿಂದಲೇ ಮೆಸೇಜು ಹಾಕುವವನು.
ಲೋಕ ನಾಲ್ಕು; ಆಡುವವರು ಮಾತ್ರ
ಅದೇ ಅರವತ್ತು ಮಂದಿ.

ಇದು ಮೊದಲು ತಲೆಗೆ ಹೋಗಲಿಲ್ಲ.
ಒಂದೇ ಮುಹೂರ್ತಕ್ಕೆ ಎರಡು ಮದುವೆ ಇಟ್ಟ ಹಾಗೆ
ಶನಿವಾರ ಒಂಬತ್ತಕ್ಕೆ ನಾನೂ ಯುದ್ಧ ಸಾರಿದೆ, ಲ್ಯಾನ್ಸಿಯೂ ಸಾರಿದ.
ಇಲ್ಲಿ ಅರವತ್ತು ಎಲೆ, ಅಲ್ಲಿ ಅರವತ್ತು ಎಲೆ;
ಇಲ್ಲಿ ಕೂತವರು ಇಪ್ಪತ್ತೊಂಬತ್ತು, ಅಲ್ಲಿ ಇಪ್ಪತ್ತಾರು,
ಉಳಿದ ಐವರು ಎರಡೂ ಕಡೆ ಇಣುಕಿ
ಮಲಗಲು ಹೋದರು.
ನನ್ನ ಕೋಟೆಯ ಮೂಡಣ ಬಾಗಿಲಿಗೆ ಕಾವಲಿಲ್ಲ.
ಮುರಿಯಲು ಶತ್ರುವಿಗೂ ಆಳು ಸಾಲದೆ
ಹೊರಗೆ ನಿಂತು ಹರಟುತ್ತಿದ್ದರು.

ನಾನು ಬರೆದೆ: ಶನಿವಾರ ಮೊದಲಿಂದಲೂ ನಂದು.
ಅವನು ಬರೆದ: ಶನಿವಾರ ನಿಮ್ಮಪ್ಪನ ಆಸ್ತಿಯಾ?
ಹನ್ನೊಂದು ದಿನ ಮಾತಿಲ್ಲ.

ಹನ್ನೆರಡನೇ ರಾತ್ರಿ ಸುಳ್ಳು ಹೆಸರಿಟ್ಟುಕೊಂಡು
ಅವನ ಲೋಕಕ್ಕೆ ಹೋದೆ. ಕೆಡಿಸಲಿಕ್ಕಲ್ಲ, ನೋಡಲಿಕ್ಕೆ.
ಚೆನ್ನಾಗಿ ಕಟ್ಟಿದ್ದ, ಸುಳ್ಳು ಹೇಳಬಾರದು.
ಕಾಲುವೆಯ ನೀರು ತಿರುವು ತಿರುವಿಗೂ ದನಿ ಬದಲಿಸುತ್ತಿತ್ತು.
ಒಂದು ಕಡೆ ಮಾತ್ರ ದಿಣ್ಣೆ ಹತ್ತಲು ದಾರಿಯಿಲ್ಲ;
ನನ್ನ ಕೈ ಸುಮ್ಮನಿರಲಿಲ್ಲ, ನಾಲ್ಕು ಮೆಟ್ಟಿಲು ಹಾಕಿದೆ.
ಮೂರನೆಯದು ಕೊಂಚ ಅಗಲ. ನಾನು ಹಾಕುವುದೇ ಹಾಗೆ,
ಏದುಸಿರು ಬಂದವರು ನಿಲ್ಲಲಿ ಅಂತ.
ಹಿಂದಿನಿಂದ ಒಂದು ಸಾಲು ಮೂಡಿತು:
‘ಸುಗುಣಕ್ಕಾ, ಶನಿವಾರ ನೀವೇ ಇಟ್ಕೊಳ್ಳಿ.
ನಂಗೆ ಭಾನುವಾರ ಕೊಡಿ, ಕ್ವೈರ್ ಮುಗಿದ ಮೇಲೆ.’

ತಪ್ಪು ಅಚ್ಚಾದ ಫ್ಲೆಕ್ಸೊಂದರ ಬೆನ್ನಿಗೆ
(ಅಧ್ಯಕ್ಷರ ಹೆಸರಿನ ಒತ್ತಕ್ಷರ ಬಿದ್ದುಹೋಗಿತ್ತು)
ಏಳು ಮನೆ ಬರೆದೆ, ಅಳಗುಳಿ ಮಣೆಯ ಹಾಗೆ,
ಹುಣಸೆ ಬೀಜದಂತೆ ಸಂಜೆಗಳನ್ನು ಹಂಚಿದೆ.
ಸಬೀಹಾಳದು ಪೆನ್ಸಿಲಿನಲ್ಲಿ, ವಾರವಾರ ಅಳಿಸಿ;
ರಂಜಾನಿನಲ್ಲಿ ತರಾವೀಹ್ ಮುಗಿದು, ಹನ್ನೊಂದಕ್ಕೆ.
ಗಣಪತಿ ಕೂರುವ ಮುಂಚಿನ ಹತ್ತು ದಿನ ನನ್ನ ಲೋಕಕ್ಕೆ ಬೀಗ,
ಗಲ್ಲಿಗೊಂದು ಯುವಕ ಸಂಘ, ಸಂಘಕ್ಕೆ ಮೂರು ಫ್ಲೆಕ್ಸು.
ಆಗ ಶನಿವಾರ ಲ್ಯಾನ್ಸಿಗೆ. ಸಾಲ ಅಂತ ಬರೆದಿಟ್ಟಿದ್ದೇನೆ;
ವಸೂಲಿಗೆ ಅವನೂ ಬಂದಿಲ್ಲ,
ತೀರಿಸಲು ನನಗೂ ಆತುರವಿಲ್ಲ.

ಮಂಗಳವಾರ ಮಾತ್ರ ಚೌಡಪ್ಪನ ಬಾಯಲ್ಲಿದೆ.
‘ಅಕ್ಕಾ, ಬರೋ ಮಂಗಳವಾರ ಲೈನ್ ತೆಗೀತೀವಿ, ಒಂಬತ್ತರಿಂದ ಆರು’
ಪೇಪರಿನಲ್ಲಿ ಬರುವ ಮೊದಲೇ ನಮಗೆ ಗೊತ್ತು.
ಹಗಲು ಕರೆಂಟಿಲ್ಲದಿದ್ದರೆ ರಾತ್ರಿ ಫ್ಲೆಕ್ಸು,
ರಾತ್ರಿ ಫ್ಲೆಕ್ಸಾದರೆ ಯಂತ್ರವಿಲ್ಲ.
ಅವನೋ, ಇಡೀ ದಿನ ಕಂಬ ಹತ್ತಿ ಇಳಿದವನು,
ಯಾವ ಕೋಟೆ ಹತ್ತಿಯಾನು?
ಆ ಮನೆ ಖಾಲಿ ಬಿಟ್ಟೆವು.

ಅಜ್ಜಿ ಆಡುವಾಗ ಖಾಲಿ ಮನೆಯನ್ನು ಬೆರಳಲ್ಲಿ ಸವರಿ
ಅದರ ಮುಂದಿನ ಮನೆಯನ್ನು ಬಾಚಿಕೊಳ್ಳುತ್ತಿದ್ದಳು.

ಈ ವಾರ ಬುಧವಾರ ಸಬೀಹಾಳದು.
ಅರವತ್ತೂ ಮಂದಿ ಒಂದೇ ಬಾಗಿಲಲ್ಲಿ;
ಅವಳ ಹಳೇ ಯಂತ್ರ ಮೆಟ್ಟಿಲು ಹತ್ತುವವರ ಹಾಗೆ
ತಡೆತಡೆದು ಉಸಿರಾಡುತ್ತದೆ.
ಯಾರೂ ಬೈಯುವುದಿಲ್ಲ.
ಮೂರನೇ ಮೆಟ್ಟಿಲು ಅಲ್ಲೂ
ಅಗಲ ಮಾಡಿಟ್ಟು ಬಂದಿದ್ದೇನೆ.